ಸೀಲಣ್ಣ ಒಡೆದ ಹೆಸರುಗಳು

ರಬ್ಬರ್ ಸೀಲು ಮಾಡುವವನು ಅಕ್ಷರಗಳನ್ನು ಹಿಂದುಮುಂದಾಗಿ ಓದಬೇಕು. ಅಚ್ಚಿನಲ್ಲಿ ಅವು ತಿರುಗುಮುರುಗಾಗಿ ಕೂತರೇನೇ ಕಾಗದದ ಮೇಲೆ ನೆಟ್ಟಗೆ ಬೀಳುವುದು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಚಿಮುಟ ಹಿಡಿದು ಕೂತು ಕೂತು, ನಮ್ಮ ಸೀಲಣ್ಣನಿಗೆ ಯಾವ ಪದವೂ ತನ್ನ ಪಾಡಿಗೆ ತಾನಿರುವಂತೆ ಕಾಣುವುದೇ ನಿಂತುಹೋಗಿತ್ತು. ಪದವೊಂದು ಕಿವಿಗೆ ಬಿದ್ದರೆ ಸಾಕು, ಅಕ್ಷರಗಳು ಬಿಡಿಬಿಡಿಯಾಗಿ ಜಾಗ ಬದಲಿಸಿಕೊಂಡು ಇನ್ನೇನೋ ಆಗಿ ನಿಲ್ಲುತ್ತಿದ್ದವು. "ಅರಮನೆಯಲ್ಲಿ ಮನೆ ಇರೋದು ಎಲ್ಲರಿಗೂ ಗೊತ್ತು. ಮರ ಇರೋದು ನನಗೊಬ್ಬನಿಗೇ ಗೊತ್ತು" ಎಂದು ಬೀಗುತ್ತಿದ್ದ. ಬೀಗಲಿ, ಯಾರಪ್ಪನ ಗಂಟು ಹೋಗುತ್ತದೆ? ಕಂಡದ್ದನ್ನು ಕಂಡಲ್ಲೇ ಹೇಳಿಬಿಡುವ ಬಾಯಿಯೇ ಅವನಿಗೆ ಮುಳುವಾಗಿದ್ದು.

ಒಮ್ಮೆ ಒಬ್ಬ ಅಧಿಕಾರಿ 'ಪರವಾನಗಿ' ಎಂಬ ಸೀಲು ಮಾಡಿಸಲು ಬಂದ. ಸೀಲಣ್ಣ ಕೆಲಸ ಮುಗಿಸಿ, ಮಸಿ ಒರೆಸಿ, ನಗುನಗುತ್ತಾ ಕೈಗಿತ್ತು ಹೇಳಿದ: "ಸಾರ್, ನಿಮ್ಮ ಪರವಾನಗಿಯೊಳಗೆ ಒಂದು ವಾನರ ಕೂತಿದೆ."

ಅಧಿಕಾರಿ ತನ್ನ ಬೆನ್ನ ಹಿಂದೆ ತಿರುಗಿ ನೋಡಿದ. ಆಮೇಲೆ ಬೆರಳಲ್ಲಿ ಎಣಿಸಿದ, ವಾ, ನ, ರ. ಮುಖ ಕೆಂಪಗೆ ಮಾಡಿಕೊಂಡು ಹೊರಟವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸೀಲಣ್ಣನಿಗೆ ತಲೆಬುಡ ತಿಳಿಯಲಿಲ್ಲ. ವಾನರವನ್ನು ಅಲ್ಲಿ ಕೂರಿಸಿದ್ದು ಅವನೇನೂ ಅಲ್ಲವಲ್ಲ!

ಇಂಥವನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಕೂಸನ್ನು ಎತ್ತಿಕೊಂಡು ಅವಳು ಕೆಲವು ದಿನದ ಮಟ್ಟಿಗೆ ಅಪ್ಪನ ಮನೆಗೆ ಬಂದಳು. ಜೊತೆಗೆ ಅಳಿಯ, ಅಳಿಯನ ತಾಯಿ. ಒಂದು ಸಂಜೆ ಎಲ್ಲರೂ ಮುಂದಿನ ಕೋಣೆಯಲ್ಲಿ ಕೂತು ಹೆಸರಿನ ಮಾತು ತೆಗೆದರು.

"ವನಜ ಅಂತ ಇಡೋಣ" ಎಂದರು ಬೀಗಿತ್ತಿ.

"ಜವನ" ಎಂದ ಸೀಲಣ್ಣ. "ಅದೇ ಮೂರಕ್ಷರ, ಜಾಗ ಬದಲು ಅಷ್ಟೆ. ಜವ ಅಂದ್ರೆ ಯಮ, ಜವನ ಅಂದ್ರೆ ಯಮನ."

ಬೀಗಿತ್ತಿ ಕಾಫಿ ಲೋಟವನ್ನು ಟಕ್ಕನೆ ಕೆಳಗಿಟ್ಟರು.

"ಚಂದನ?" ಎಂದ ಅಳಿಯ.

"ದನ."

"ಮಾವ, ಚಂದವೂ ಇದೆಯಲ್ಲ!"

"ಇದೆಯಪ್ಪ, ಯಾರು ಇಲ್ಲ ಅಂದ್ರು? ಶಾಲೇಲಿ ಮಕ್ಕಳು ಎರಡರಲ್ಲಿ ಯಾವುದನ್ನ ಹಿಡ್ಕೋತಾರೆ, ನೀವೇ ಹೇಳಿ."

ಅಳಿಯ ನಕ್ಕ, ನಗುವ ಸ್ವಭಾವದವನು. ಆಗ ಮಗಳು ಮೆಲ್ಲಗೆ, ಕೂಸಿನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು: "ಕುಸುಮ. ಹೊಟ್ಟೇಲಿದ್ದಾಗಿಂದ ನಾನು ಹಾಗೇ ಕರೀತಾ ಇದ್ದೀನಿ."

ಸೀಲಣ್ಣ ಹಲ್ಲು ಕಚ್ಚಿಕೊಂಡ. ನಿಜವಾಗಿಯೂ ಕಚ್ಚಿಕೊಂಡ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸೀಲಿನವನ ಕಣ್ಣು ಹಿಂದಿನಿಂದ ಓದಿಯೇಬಿಟ್ಟಿತು.

"ಮಸುಕು" ಎಂದ.

ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ಎದ್ದಳು. "ಅಪ್ಪಾ, ಭಾನುವಾರ ನಾವು ಹೊರಡ್ತೀವಿ. ಇವಳಿಗೆ ಹೆಸರು ಇಡ್ತೀವಿ. ಏನು ಹೆಸರು ಅಂತ ಮಾತ್ರ ನಿನಗೆ ಹೇಳಲ್ಲ. ನೀನು ಮಗು ಅಂತಾನೇ ಕರ್ಕೋ."

ತಮಾಷೆ ಇರಬೇಕು ಎಂದುಕೊಂಡ ಸೀಲಣ್ಣ. ತಮಾಷೆಯಾಗಿರಲಿಲ್ಲ. ಮರುದಿನದಿಂದ ಒಳಕೋಣೆಯಲ್ಲಿ ಪಿಸಪಿಸ ಕೇಳುತ್ತಿತ್ತು. ಅವನು ಬಾಗಿಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಮೊಮ್ಮಗಳಿಗೆ ಹೆಸರಿರುತ್ತದೆ, ಊರಿಗೆಲ್ಲ ಗೊತ್ತಿರುತ್ತದೆ, ತನಗೊಬ್ಬನಿಗೆ ಗೊತ್ತಿರುವುದಿಲ್ಲ! ಕೆಟ್ಟದ್ದು ಹೆಸರಿನಲ್ಲಿದೆಯೋ, ತನ್ನ ಕಣ್ಣಿನಲ್ಲಿದೆಯೋ? ಹೆಸರಿನಲ್ಲೇ ಇದ್ದರೆ ಬೇರೆಯವರಿಗೇಕೆ ಕಾಣುವುದಿಲ್ಲ? ಕಣ್ಣಿನಲ್ಲಿದ್ದರೆ ಅಕ್ಷರ ಎಣಿಸಿದಾಗ ಸರಿಯಾಗಿ ಹೇಗೆ ಬರುತ್ತದೆ? ಯೋಚಿಸುತ್ತಾ ಯೋಚಿಸುತ್ತಾ ಅಂಗಡಿಯಲ್ಲಿ 'ನಕಲು' ಎಂಬ ಸೀಲನ್ನು ನೆಟ್ಟಗೆ ಜೋಡಿಸಿಬಿಟ್ಟ. ಕಾಗದದ ಮೇಲೆ ಅದು ತಿರುಗುಮುರುಗಾಗಿ ಬಿತ್ತು. ಅಷ್ಟು ವರ್ಷದ ಕಸುಬಿನಲ್ಲಿ ಹಾಗೆ ಆಗಿದ್ದು ಅದೇ ಮೊದಲು.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಒರೆಸುತ್ತಿದ್ದಳು. ಸೀಲಣ್ಣ ಹೋಗಿ ಬಾಗಿಲಿಗೆ ಒರಗಿ ನಿಂತ.

"ನಾನೇನು ಬೇಕೂಂತ ಮಾಡ್ತೀನೇನೇ? ಕಾಣಿಸುತ್ತೆ. ಕಂಡದ್ದು ಬಾಯಿಗೆ ಬಂದ್ಬಿಡುತ್ತೆ."

"ಹೌದಾ? ಹಾಗಾದ್ರೆ ನನ್ನ ಹೆಸರಲ್ಲಿ ಏನಿದೆ ಹೇಳಿ ನೋಡೋಣ."

ಸೀಲಣ್ಣ ಬಾಯಿ ತೆರೆದ. ಏನೂ ಬರಲಿಲ್ಲ. "ನಿನ್ನ ಹೆಸರಿನಲ್ಲಾ? ಏನಿಲ್ಲ, ಬಿಡೇ."

"ಕೊನೇ ಎರಡಕ್ಷರ ನೋಡ್ರೀ. ಲ್ಯಾಬಿನವರು ಬೆಳಿಗ್ಗೆ ಡಬ್ಬೀಲಿ ಹಾಕ್ಕೊಂಡು ಬನ್ನಿ ಅಂತಾರಲ್ಲ, ಅದು."

ಸೀಲಣ್ಣ ಎಣಿಸಿದ. ಮ. ಲ. ಮಲ. ಯಾವ ಜಾಗವನ್ನೂ ಬದಲಿಸಬೇಕಿರಲಿಲ್ಲ, ಹಿಂದಿನಿಂದ ಓದಬೇಕಿರಲಿಲ್ಲ. ಶಾಲೆಗೆ ಹೋಗುವ ಮಗುವಿಗೂ ಕಾಣುವಂಥದ್ದು.

"ಮದುವೆಯಾದ ಹೊಸದ್ರಲ್ಲೇ ನಿಮ್ಮ ಈ ಚಾಳಿ ನೋಡಿ, ಮೊದಲು ನನ್ನ ಹೆಸರನ್ನೇ ಬಿಡಿಸಿ ನೋಡ್ಕೊಂಡೆ" ಎಂದಳು ಹೆಂಡತಿ. "ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ, ನಾಲ್ಕು ಜನರ ಮುಂದೆ ನನ್ನ ಮಾನ ಹೋಗುತ್ತೆ ಅಂತ ಎದೆ ಡವಡವ ಅಂತಿತ್ತು. ನೀವು ಹೇಳ್ಲೇ ಇಲ್ಲ. ಪಾಪ, ನನ್ನ ಮನಸ್ಸು ನೋಯ್ಬಾರದು ಅಂತ ಬಾಯಿ ಕಟ್ಕೊಂಡಿದ್ದಾರೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."

"ಇಲ್ಲ ಕಣೇ. ನನಗೆ ಗೊತ್ತೇ ಇರಲಿಲ್ಲ."

ಒರೆಸುತ್ತಿದ್ದ ಕೈ ನಿಂತಿತು. "ಗೊತ್ತೇ ಇರಲಿಲ್ವಾ?"

"ನಿನ್ನ ಹೆಸರು ಕರೆದ್ರೆ ನೀನು ಬರ್ತೀಯ. ಅಕ್ಷರ ಎಲ್ಲಿ ಬರುತ್ತೆ?"

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಹೆಂಡತಿ ಮುಖ ತಿರುಗಿಸಿಕೊಂಡು, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸತೊಡಗಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ನೆಟ್ಟಗೆ ಒಳಕೋಣೆಗೆ ಹೋದ. ಮಗಳು ಕೂಸಿನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು.

"ನೀನು ಕರೀತಿದ್ದ ಹೆಸರಿಂದ ಒಂದೇ ಒಂದು ಸಲ ಕರೀಲಾ ಮಗಳೇ?"

ಅವಳು ಮಡಿಸುತ್ತಲೇ ಇದ್ದಳು. ಸೀಲಣ್ಣ ಕೂಸನ್ನು ಎತ್ತಿ ಮಂಚದ ತುದಿಯಲ್ಲಿ ಕೂತ. "ಕುಸುಮ" ಎಂದ.

"ಏನು ಕಾಣಿಸ್ತು?" ಎಂದು ಕೇಳಿದಳು ಮಗಳು, ಬಟ್ಟೆಯಿಂದ ತಲೆ ಎತ್ತದೆ.

ಏನೂ ಇಲ್ಲವೆಂದು ಸುಳ್ಳು ಹೇಳಬಹುದಿತ್ತು. "ಇನ್ನೂ ಅದೇ ಕಾಣ್ತಿದೆ ಕಣಮ್ಮ" ಎಂದ. "ಇವಳನ್ನ ಇನ್ನೂ ನಾನು ಕರೆದೇ ಇಲ್ವಲ್ಲ, ಅದಕ್ಕೇ ಇರಬೇಕು."

ಮಗಳು ಅಪ್ಪನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಅಂಗಿಯನ್ನು ಚೀಲದೊಳಗೆ ಹಾಕದೆ ಪಕ್ಕಕ್ಕಿಟ್ಟಳು. "ಹಾಗಾದ್ರೆ ಇನ್ನೊಂದು ಸಲ ಕರಿ."

ಕರೆದ. ಮತ್ತೆ ಕರೆದ. ಜೋರಾಗಿ, ಮೆಲ್ಲಗೆ, ರಾಗವಾಗಿ, ಬಾಯಿ ಒಣಗುವಷ್ಟು ಕರೆದ. ಎಷ್ಟನೆಯ ಸಲವೋ, ಕೂಸು ಆಕಳಿಸಿ, ದನಿ ಬಂದ ಕಡೆಗೆ ಮುಖ ತಿರುಗಿಸಿತು.

"ಏನಮ್ಮಾ, ಕುಸುಮ?" ಎಂದ ಸೀಲಣ್ಣ, ಅದು ಏನೋ ಹೇಳಲಿದೆ ಎಂಬಂತೆ ಕಿವಿಯನ್ನು ಅದರ ಬಾಯಿಯ ಹತ್ತಿರ ತಂದು.