ಎಂಟನೆಯ ಫೋಟೋ

ಕೋಣೆಯ ನಟ್ಟನಡುವೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲಿನ ಕ್ಯಾಮೆರಾ ಯಾವ ಕಡೆ ತಿರುಗಿದರೂ ಅದರ ಬೆನ್ನ ಹಿಂದೆಯೇ, ಮೊಣಕಾಲು ಬಗ್ಗಿಸಿ, ಹೊಟ್ಟೆ ಎಳೆದುಕೊಂಡು ಸುತ್ತುತ್ತಿದ್ದರು ವೀರಭದ್ರಪ್ಪ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವವರಿಗೂ ಅಷ್ಟು ಎಚ್ಚರ ಇರುವುದಿಲ್ಲ. ಆ ಕ್ಯಾಮೆರಾದ ಕಣ್ಣು ಮೀನಿನ ಕಣ್ಣಿನಂತೆ ಉಬ್ಬಿ, ಅರ್ಧ ಕೋಣೆಯನ್ನು ಒಂದೇ ಸಲ ನುಂಗುವಂಥದ್ದು. ಚೂರು ತಪ್ಪಿದರೆ ಅವರ ಮೊಣಕೈಯೋ ಹೊಟ್ಟೆಯೋ ಚಿತ್ರದಲ್ಲಿ ಬಿದ್ದುಬಿಡುತ್ತಿತ್ತು. ಇಷ್ಟು ಕಷ್ಟಪಟ್ಟು ಅಡಗಿಕೊಂಡೂ ಇಷ್ಟು ಎದ್ದು ಕಾಣುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಒಬ್ಬರ ಬೆನ್ನ ಹಿಂದೆ ಆಡಿಕೊಳ್ಳುವುದು ಪಾಪ ಎಂದು ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ವೀರಭದ್ರಪ್ಪನವರ ವಿಷಯದಲ್ಲಿ ಮಾತ್ರ ಆ ಪಾಠ ನನಗೆ ಒದಗಿಬರಲಿಲ್ಲ.

ಹೈದರಾಬಾದಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳು ಅವು. ಕಟ್ಟಿ ಮುಗಿಯದ ಫ್ಲ್ಯಾಟನ್ನೂ ಜನ ಕಂಪ್ಯೂಟರಿನಲ್ಲಿ ಸುತ್ತಿ ನೋಡಿ ಕೊಳ್ಳುತ್ತಿದ್ದರು. ಹುಬ್ಬಳ್ಳಿ ಕಡೆಯ ವೀರಭದ್ರಪ್ಪ ಅಲ್ಲಿಯವರೆಗೆ ಮದುವೆ ಫೋಟೋ ತೆಗೆಯುತ್ತಿದ್ದವರು, ಒಂದು ಮುಂಜಾನೆ ‘ವರ್ಚುವಲ್ ಟೂರ್ ತಜ್ಞ’ರಾಗಿ ಎದ್ದರು. ನಮ್ಮವರ ಬ್ಯಾಂಕಿನಲ್ಲಿ ಯಾರೋ ಪರಿಚಯಿಸಿ, ಮಾದರಿಗೆಂದು ಬೇಗಂಪೇಟೆಯ ನಮ್ಮ ಮನೆಯ ಹಾಲ್‌ನ ಚಿತ್ರ ತೆಗೆಯಲು ಬಂದರು.

ಬಂದವರೇ ಕಿಟಕಿ ಪರದೆ ಬಿಚ್ಚಿಸಿದರು, ಕ್ಯಾಲೆಂಡರ್ ಇಳಿಸಿದರು, ನಮ್ಮವರ ಚಪ್ಪಲಿಯನ್ನು ಕಾಲಿನಿಂದಲೇ ಸೋಫಾದ ಕೆಳಗೆ ತಳ್ಳಿದರು.

‘ವೈನೀ, ಫ್ಯಾನ್ ಬಂದ್ ಮಾಡ್ರಿ. ರೆಕ್ಕಿ ತಿರಗಿದ್ರ ಚಿತ್ರ ಕೂಡೂದಿಲ್ಲ. ಸುತ್ತಲೂ ಆರು ಫೋಟೋ, ಮ್ಯಾಲ ಒಂದು, ಕೆಳಗ ಒಂದು. ಎಂಟೂ ಹೊಲದ್ರ ಒಂದು ಕೋಲಿ. ಲೆನ್ಸು ತಿರಗೂ ಗೂಟದ ಮ್ಯಾಲ ಬರೋಬ್ಬರಿ ಕುಂತಿರಬೇಕು, ಇಲ್ಲಂದ್ರ ಹತ್ತರದ ಕುರ್ಚಿ ಒಂದ್ಕಡೆ, ದೂರದ ಬಾಗಲಾ ಒಂದ್ಕಡೆ ಜಿಗೀತಾವ. ತಿಳೀತೇನು? ತಿಳಿಯೂದಿಲ್ಲ, ಬಿಡ್ರಿ.’

ಇದು ಅವರ ಮಾತಿನ ಮುದ್ರೆ. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ನನಗೆ ತಿಳಿದಿತ್ತು. ಹೆಬ್ಬೆರಳು ಎತ್ತಿ ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಆಚೆ ಈಚೆ ಜಿಗಿಯುವುದನ್ನು ಕಾಣದ ಮಕ್ಕಳುಂಟೇ? ಕ್ಯಾಮೆರಾ ಕೂರಿಸುವ ಕಬ್ಬಿಣದ ತೋಳು ‘ಜರ್ಮನ್ ಮಾಲು’ ಎಂದರು. ಅದರ ಬುಡದಲ್ಲಿ ಡಿಗ್ರಿ ನೋಡಲು ಅಂಟಿಸಿದ್ದು ಶಾಲೆ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ. ಸನತ್‌ನಗರದ ಯಾವುದೋ ಲೇತ್ ಅಂಗಡಿಯಲ್ಲಿ ಮಾಡಿಸಿದ ತೋಳದು. ಬೆಸುಗೆಯ ಗಂಟುಗಳನ್ನು ಉಜ್ಜುವಷ್ಟು ವ್ಯವಧಾನವೂ ಅವರಿಗಿರಲಿಲ್ಲ. ಮಾಡಿಸಿದ್ದರಲ್ಲಿ ತಪ್ಪೇನಿಲ್ಲ. ಇಲ್ಲೇ ಮಾಡಿಸಿದೆ ಎನ್ನುವುದಕ್ಕೆ ನಾಚಿಕೆ, ಸುಳ್ಳು ಹೇಳುವುದಕ್ಕೆ ನಾಚಿಕೆಯಿಲ್ಲ. ಅಷ್ಟೇ.

ವಾರದ ಮೇಲೆ ಚಿತ್ರ ತೋರಿಸಿದರು. ನಮ್ಮ ಹಾಲ್ ಟೌನ್ ಹಾಲಿನಂತೆ ಅಗಲವಾಗಿತ್ತು. ನಾನು ಮೂಲೆಯ ಸ್ಟೀಲ್ ಬಿಂದಿಗೆಯನ್ನು ನೋಡಿದೆ. ಅದರ ಹೊಟ್ಟೆಯಲ್ಲಿ, ಕಾಲು ಅಗಲಿಸಿ ಬಗ್ಗಿ ಕುಳಿತ ವೀರಭದ್ರಪ್ಪ ಸ್ಪಷ್ಟವಾಗಿ ಕಾಣುತ್ತಿದ್ದರು.

‘ಇಲ್ಲಿ ನೀವಿದ್ದೀರಿ,’ ಎಂದೆ.

‘ಬಿಂದಿಗಿ ಯಾರ ನೋಡ್ತಾರ್ರೀ? ಹೆಂಗಸರು ನೋಡ್ತಾರ,’ ಎಂದರು.

ಇಂಥವರನ್ನು ಕಸ್ತೂರಿಬಾಯಿಗೆ ನಾನೇ ಗೊತ್ತು ಮಾಡಿಕೊಟ್ಟೆ. ಅದೇ ನನ್ನ ತಪ್ಪು.

ಕಸ್ತೂರಿಬಾಯಿ ಹುಮನಾಬಾದಿನವರು. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ, ನಮ್ಮ ಹಿಂದಿನ ಗಲ್ಲಿಯಲ್ಲಿ ಎಂಟು ಕೋಣೆಯ ಮನೆ ಹಿಡಿದು, ನಮ್ಮ ಕಡೆಯಿಂದ ಕಂಪ್ಯೂಟರ್ ಕೆಲಸಕ್ಕೆ ಬರುವ ಹುಡುಗಿಯರಿಗೆ ಹಾಸ್ಟೆಲ್ ಮಾಡಲು ಹೊರಟಿದ್ದರು. ಜೂನ್ ತಿಂಗಳೊಳಗೆ ಕೋಣೆ ತುಂಬದಿದ್ದರೆ ಮನೆಯನ್ನು ಬೇರೆಯವರಿಗೆ ಕೊಡುವುದಾಗಿ ಮಾಲೀಕ ಹೇಳಿಬಿಟ್ಟಿದ್ದ. ‘ಈ ಮನಿ ತುಂಬಲಿಲ್ಲಂದ್ರ ನಾ ಊರಿಗಿ ಹೋಗಿ ಮೈದುನನ ಮನ್ಯಾಗ ರೊಟ್ಟಿ ಬಡೀಬೇಕು ನೋಡಕ್ಕಾ,’ ಎಂದಿದ್ದರು. ಊರಲ್ಲಿರುವ ತಾಯಿ ತಂದೆಗೆ ಕೋಣೆ ತೋರಿಸುವುದು ಹೇಗೆ ಎಂದಾಗ ನನಗೆ ಹೊಳೆದದ್ದು ವೀರಭದ್ರಪ್ಪ.

ಅಲ್ಲಿಯೂ ಅದೇ ಪ್ರದಕ್ಷಿಣೆ. ಹತ್ತಿರದ ನಿಲ್ದಾಣಕ್ಕೆ ವಿಮಾನ ತಲೆಯ ಮೇಲೆಯೇ ಹಾದು ಇಳಿಯುವಾಗ ಕಿಟಕಿ ಗಾಜು ನಡುಗುತ್ತಿತ್ತು. ಆಗ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸುವರು, ವಿಮಾನವೂ ತಮ್ಮ ಅಪ್ಪಣೆಗೆ ಕಾದಿದೆ ಎಂಬಂತೆ. ನಡುವೆ ಕಸ್ತೂರಿಬಾಯಿ ಕಸಬರಿಗೆ ಹಿಡಿದು ಕೋಣೆ ದಾಟಿದರು. ಹೊಲಿದ ಚಿತ್ರದಲ್ಲಿ ಅವರು ಕಿಟಕಿಯ ಹತ್ತಿರ ಒಮ್ಮೆ, ಬಾಗಿಲ ಹತ್ತಿರ ಒಮ್ಮೆ ನಿಂತಿದ್ದರು.

‘ನಿಮ್ಮ ಮಂದೀಗೆ ಒಂದು ನಿಮಿಷ ನಿಂದ್ರಾಕ ಬರೂದಿಲ್ಲ,’ ಎಂದು ವೀರಭದ್ರಪ್ಪ ಸಿಡುಕಿದರು.

‘ಇರ್ಲಿ ಬಿಡ್ರಿ. ಎಂಟು ಕೋಲಿ ಕಸಾ ಹೊಡೀಲಿಕ್ಕಿ ಇಬ್ಬರು ಬೇಕೇ ಬೇಕು,’ ಎಂದರು ಕಸ್ತೂರಿಬಾಯಿ.

ಆ ಚಿತ್ರವನ್ನು ಮತ್ತೆ ತೆಗೆಸಿದ ಮೇಲೆ ಟೂರ್ ಇಂಟರ್‌ನೆಟ್ಟಿಗೆ ಏರಿತು. ನಾಲ್ಕು ದಿನಕ್ಕೆ ಕಲಬುರಗಿಯಿಂದ ಮಹಾದೇವಿ ಎಂಬ ತಾಯಿಯ ಫೋನ್ ಬಂತು. ಒಂದೇ ಓಣಿಯ ಐದು ಹುಡುಗಿಯರು ಒಟ್ಟಿಗೆ ಬರುವವರಿದ್ದರು. ಉಳಿದ ನಾಲ್ಕೂ ಮನೆಯವರು ಆಕೆಯ ಮಾತಿಗೆ ಕಾದಿದ್ದರು. ಮಗಳೊಂದಿಗೆ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ನೋಡಿದ ಆಕೆ ಕೇಳಿದ್ದು ಊಟದ ವಿಷಯವಲ್ಲ, ನೀರಿನದೂ ಅಲ್ಲ.

‘ವೀರಭದ್ರ ನಮ್ಮ ಮನಿದೇವ್ರು. ನೀವು ಎಲ್ಲಾ ಕೋಲ್ಯಾಗ ನೆಲದ ಮ್ಯಾಲ ಅವನ ಹೆಸರು ಬರಸೀರಿ. ನಮ್ಮ ಹುಡುಗೇರು ದಿನಾ ಅದರ ಮ್ಯಾಲ ಕಾಲಿಟ್ಟು ಅಡ್ಡಾಡಬೇಕೇನ್ರಿ? ನಮಗ ಬ್ಯಾಡ್ರಿ ಆ ಮನಿ.’

ನಾವು ಓಡಿಹೋಗಿ ಕಂಪ್ಯೂಟರ್ ನೋಡಿದೆವು. ನಿಜ. ಪ್ರತಿ ಕೋಣೆಯಲ್ಲೂ ಚಿತ್ರವನ್ನು ಕೆಳಕ್ಕೆ ಎಳೆದರೆ, ಸ್ಟ್ಯಾಂಡ್ ನಿಂತಿದ್ದ ಜಾಗದಲ್ಲಿ ಬಂಡಿಗಾಲಿಯಷ್ಟು ದೊಡ್ಡ ಕೆಂಪು ಚಕ್ರ, ಅದರಲ್ಲಿ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರ: ವೀರಭದ್ರ.

ಸನತ್‌ನಗರದ ಅವರ ಸ್ಟುಡಿಯೋಕ್ಕೆ ಇಬ್ಬರೂ ಹೋದೆವು. ವೀರಭದ್ರಪ್ಪ ಖುರ್ಚಿಯಿಂದ ಏಳಲಿಲ್ಲ.

‘ಅದು ನನ್ನ ಸಹಿ ಐತಿ. ದೊಡ್ಡ ಕಲಾವಿದರು ಹಾಕೂದಿಲ್ಲೇನು? ಲೋಕದ ಮಂದಿ ಎದುರಿಗೆ ನೋಡ್ತಾರ, ನಿಮ್ಮ ಮಂದಿ ನೆಲಾ ನೋಡ್ತಾರ.’

‘ನೆಲಾ ಒರಸಾಕಿ ನಾನು. ಮತ್ತೇನು ನೋಡಬೇಕ್ರಿ? ಅದೊಂದು ತಗದು ಬಿಡ್ರಿ, ನಿಮ್ಮ ಕೈ ಮುಗೀತೀನಿ,’ ಎಂದರು ಕಸ್ತೂರಿಬಾಯಿ.

‘ಟೆಕ್ನಿಕಲ್ ವಿಷಯ. ತಿಳೀತೇನು? ತಿಳಿಯೂದಿಲ್ಲ, ಬಿಡ್ರಿ.’

ಕಸ್ತೂರಿಬಾಯಿಯ ಕೈ ಇನ್ನೂ ಮುಗಿದೇ ಇತ್ತು. ಅದನ್ನು ನೋಡುತ್ತ, ವಾರಗಟ್ಟಲೆ ಗಮನಿಸಿದ್ದೆಲ್ಲ ನನ್ನ ತಲೆಯಲ್ಲಿ ಒಂದು ಕಡೆ ಬಂದು ಸೇರಿತು. ಸುತ್ತ ಆರು ತೆಗೆಯುತ್ತಿದ್ದರು, ಮೇಲೆ ಒಂದು ತೆಗೆಯುತ್ತಿದ್ದರು. ಕೆಳಗಿನದನ್ನು ತೆಗೆದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

‘ಎಂಟನೆಯ ಫೋಟೋ ನಿಮಗೆ ಬರುವುದಿಲ್ಲ,’ ಎಂದೆ. ‘ಕೆಳಗೆ ಸ್ಟ್ಯಾಂಡಿನ ಕಾಲುಗಳು ಬೀಳುತ್ತವೆ. ಅವನ್ನು ಅಳಿಸುವುದು ಗೊತ್ತಿಲ್ಲದೆ ಮೇಲೆ ಹೆಸರು ಬರೆದು ಮುಚ್ಚಿದ್ದೀರಿ. ಸಹಿ ಗಿಹಿ ಏನಲ್ಲ.’

ನಾನು ದನಿ ಏರಿಸಿರಲಿಲ್ಲ. ಆದರೂ ಅವರ ಮುಖ ಕಿವಿಯವರೆಗೆ ಕೆಂಪಾಯಿತು. ಮೇಜಿನ ಮೇಲಿನ ಲೆನ್ಸಿನ ಮುಚ್ಚಳವನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. ‘ಯಾರಿಗೂ ಬರೂದಿಲ್ಲ ಅದು,’ ಎಂದರು ಕಡೆಗೆ.

ಯಾರಿಗೂ ಬರುವುದಿಲ್ಲವಂತೆ. ತನಗೆ ಬಾರದ್ದು ಲೋಕದಲ್ಲೇ ಇಲ್ಲ ಎಂದು ನಂಬುವ ಗಂಡಸಿನ ಎದುರು ಕೂತಾಗ ನನಗೆ ಸಿಟ್ಟು ಬರುವುದಿಲ್ಲ, ಆಕಳಿಕೆ ಬರುತ್ತದೆ. ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ಸಿಸ್ಟರ್ ನಮಗೆ ಚೌಕಳಿ ಬಟ್ಟೆಗೆ ತೇಪೆ ಹಾಕಿಸುತ್ತಿದ್ದರು. ತೇಪೆಯ ಗೆರೆ ಬಟ್ಟೆಯ ಗೆರೆಗೆ ಕೂಡಬೇಕು, ಕೂಡದಿದ್ದರೆ ಬಿಚ್ಚಿ ಮತ್ತೆ ಹಾಕು. ಕಸ್ತೂರಿಬಾಯಿಯ ನೆಲವೂ ಕೆಂಪು-ಬಿಳಿ ಚೌಕದ್ದೇ.

‘ಸ್ಟ್ಯಾಂಡ್ ಪಕ್ಕಕ್ಕಿಡಿ. ಅದು ನಿಂತಿದ್ದ ಜಾಗದ ಮೇಲೆ ಕ್ಯಾಮೆರಾ ಕೈಯಲ್ಲಿ ಹಿಡಿದು, ಬರೀ ನೆಲದ ಫೋಟೋ ತೆಗೆಯಿರಿ. ಅದನ್ನು ಗೆರೆಗೆ ಗೆರೆ ಕೂಡಿಸಿ ತೇಪೆ ಹಾಕಿ. ತಿಳಿಯಿತೇ?’

ಉತ್ತರವನ್ನು ನಾನು ಹೇಳಲಿಲ್ಲ. ಸಿಸ್ಟರ್ ಕಲಿಸಿದ್ದು ಅಷ್ಟಾದರೂ ಉಳಿದಿತ್ತು.

ಮರುದಿನ ಬಂದರು. ಕಸ್ತೂರಿಬಾಯಿ ಹಳೆಯ ಚಿತ್ರ ನೋಡಿ, ಚೌಕ ಎಣಿಸಿ, ಸ್ಟ್ಯಾಂಡ್ ನಿಂತಿದ್ದ ಜಾಗಕ್ಕೆ ಬಳಪದ ಚುಕ್ಕಿ ಇಟ್ಟುಕೊಟ್ಟರು. ಮೊದಲ ಫೋಟೋದಲ್ಲಿ ವೀರಭದ್ರಪ್ಪನವರ ಕಾಲಿನ ಎರಡೂ ಹೆಬ್ಬೆರಳು ಬಿದ್ದವು.

‘ಹೆಸರು ಹೋಗಿ ಕಾಲು ಬಂದವಲ್ರೀ,’ ಎಂದರು ಕಸ್ತೂರಿಬಾಯಿ. ‘ಕಾಲಿಗಿ ಯಾರರ ನಮಸ್ಕಾರ ಮಾಡ್ಯಾರು.’

ವೀರಭದ್ರಪ್ಪ ನಗಲಿಲ್ಲ. ತೋಳು ಚಾಚಿ ಚಾಚಿ ಎಂಟು ಕೋಣೆಯಲ್ಲೂ ತೆಗೆದರು. ಮೂರು ದಿನದಲ್ಲಿ ನೆಲ ನೆಲವಾಯಿತು. ಚೌಕಕ್ಕೆ ಚೌಕ ಕೂಡಿತ್ತು. ಕೆಲಸ ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ. ಆದರೆ ‘ಹೀಗೆ ಆಗುತ್ತದೆ ಅಂತ ಗೊತ್ತಿರಲಿಲ್ಲ’ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಕಸ್ತೂರಿಬಾಯಿ ಕಲಬುರಗಿಗೆ ಫೋನ್ ಮಾಡಿ, ‘ಇನ್ನೊಮ್ಮಿ ನೋಡ್ರಿ ತಾಯಿ,’ ಎಂದರು. ‘ಕಂಪ್ಯೂಟರಿನ ಮಾತು ಸಾಕು. ನಾನೇ ಬಂದು ಕಣ್ಣಾರೆ ನೋಡತೀನಿ,’ ಎಂದರಂತೆ ಮಹಾದೇವಿ.

ಅವರು ಬಂದ ದಿನ ನಾನೂ ಅಲ್ಲಿದ್ದೆ. ವೀರಭದ್ರಪ್ಪನವರೂ ಇದ್ದರು, ಇನ್ನೊಬ್ಬ ಹಾಸ್ಟೆಲ್‌ನವನನ್ನು ಕರೆತಂದು, ‘ತೇಪೆ ಸಿಸ್ಟಂ, ನನ್ನದೇ ಶೋಧ’ ಎಂದು ಬಾಗಿಲಲ್ಲಿ ವಿವರಿಸುತ್ತಿದ್ದರು. ನನ್ನ ಕಡೆ ನೋಡಿ, ‘ವೈನಿ ನಮ್ಮ ಹಳೇ ಗಿರಾಕಿ,’ ಎಂದರು. ನಾನು ನಮಸ್ಕಾರ ಹೇಳಿದೆ. ಅಂಥವರೊಡನೆ ವಾದಿಸಿದರೆ ನಮ್ಮ ಮಾತೇ ಅಗ್ಗವಾಗುತ್ತದೆ.

ಮಹಾದೇವಿ ಮಗಳನ್ನು ಟ್ರಂಕಿನೊಡನೆ ಅಂಗಳದಲ್ಲಿ ನಿಲ್ಲಿಸಿ, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು. ಗೋಡೆಯ ಅಂಚು ಹಿಡಿದು, ಪಕ್ಕದಿಂದಲೇ ಒಳಗೆ ಬಂದು, ಕೋಣೆಯ ನಡುವೆ ಬಗ್ಗಿ, ನೆಲಕ್ಕೆ ಅಂಗೈ ಒತ್ತಿ ನೋಡಿದರು.

‘ಇಲ್ಲೇ ಇತ್ತಲ್ಲ, ಹೆಸರು?’

ನಾನು ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಿಬಾಯಿ ನೆಲ ಒರೆಸುವ ಬಟ್ಟೆ ಬಕೆಟ್ಟಿಗೆ ಹಾಕಿ, ಸೆರಗು ಸಿಕ್ಕಿಸಿಕೊಳ್ಳುತ್ತ ಹೇಳಿದರು: ‘ಒರಸೀನ್ರಿ.’

‘ಹಂಗಲ್ರೀ, ಅದು ಒರಸಿದ್ದಲ್ಲ,’ ಎಂದು ವೀರಭದ್ರಪ್ಪ ಬಾಗಿಲಿನಿಂದ ಶುರುಮಾಡಿದರು. ‘ಅದು ಎಂಟನೇ ಫೋಟೋ. ಏನಾಗ್ತದಂದ್ರ…’

ಮಹಾದೇವಿ ತಿರುಗಿ ನೋಡಲಿಲ್ಲ. ಅಂಗೈಯನ್ನು ಕಣ್ಣಿಗೊತ್ತಿಕೊಂಡು, ಕಸ್ತೂರಿಬಾಯಿಯ ಒದ್ದೆ ಕೈಗಳನ್ನು ಒಂದು ಗಳಿಗೆ ನೋಡಿ, ಮೊದಲ ಸಲ ಕೋಣೆಯ ನಟ್ಟನಡುವೆ ಕಾಲಿಟ್ಟು ನಿಂತರು.

‘ಟ್ರಂಕ ಒಳಗ ತಾ ಮಗಳ. ಉಳದ ನಾಕು ಮನಿಗೂ ಫೋನ್ ಮಾಡು.’

ಹುಡುಗಿ ಟ್ರಂಕು ಎಳೆದುಕೊಂಡು ಬಾಗಿಲಿಗೆ ಬಂದಳು. ಅಲ್ಲಿ ಇನ್ನೂ ಮಾತಾಡುತ್ತಿದ್ದ ವೀರಭದ್ರಪ್ಪನವರಿಗೆ, ‘ಅಂಕಲ್, ಸ್ವಲ್ಪ ಸರೀರಿ,’ ಎಂದಳು. ಅವರು ಸರಿದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.