ಹೆಬ್ಬೆರಳಿಗೆ ತಪ್ಪಿದ ನಂಬರು

ಶ್ರೀಕಂಠ ಅಂಕಲ್ ಎಂಜಿನ್ನಿನ ನಂಬರನ್ನು ಕಣ್ಣು ಮುಚ್ಚಿಕೊಂಡು ಓದುತ್ತಿದ್ದರು. ಕಾರ್ಖಾನೆಯವರು ಕಬ್ಬಿಣದ ಮೈಮೇಲೆ ಒತ್ತಿದ ಅಂಕಿಗಳ ಮೇಲೆ ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿ, ಉಸಿರು ಬಿಗಿಹಿಡಿದು, ಒಂದೊಂದನ್ನೇ ಹೇಳುವರು. ನಾನು ಟಾರ್ಚು ಹಿಡಿಯಲು ಹೋದರೆ ಗದರುತ್ತಿದ್ದರು.

"ಕಣ್ಣಿಗೆ ಮೋಸ ಮಾಡೋದು ಸುಲಭ ಕಣಮ್ಮ. ಒಂದಿಷ್ಟು ಬಣ್ಣ ಬಳಿದ್ರೆ ನಂಬ್ಬಿಡತ್ತೆ. ಹೆಬ್ಬೆಟ್ಟು ನಂಬಲ್ಲ."

ಪರ್ತ್ ನಗರದ ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದಲು ಬಂದಾಗ ಹತ್ತಿರದ ವಿಲೆಟನ್ ಬಡಾವಣೆಯಲ್ಲಿದ್ದ ಅವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಓದು ಮುಗಿದು ಪರ್ತಿನಲ್ಲೇ ಕೆಲಸ ಸಿಕ್ಕ ಮೇಲೂ ಅಲ್ಲಿಂದ ಕದಲಲಿಲ್ಲ. ಅದಕ್ಕೆ ಅವರ ಹೆಂಡತಿ ವಿಶಾಲಾಕ್ಷಿ ಆಂಟಿಯ ಸಾರೇ ಕಾರಣ ಎಂದು ಅಂಕಲ್ ರೇಗಿಸುತ್ತಿದ್ದರು. ಅಂಕಲ್ ಮೊದಲು ಮೈಸೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತಿದ್ದವರು. ಆಮೇಲೆ ಇಲ್ಲಿಗೆ ಬಂದು ಗಣಿಯ ವರ್ಕ್‌ಶಾಪಿನಲ್ಲಿ ದುಡಿದರು. ನಿವೃತ್ತಿಯ ನಂತರ ಹಿಡಿದದ್ದು ವಿಚಿತ್ರ ಕಸುಬು. ಎಪ್ಪತ್ತರ ದಶಕದ ದೊಡ್ಡ ಎಂಜಿನ್ನಿನ ಕಾರುಗಳಿಗೆ, ಎಲ್ಲೋ ಕಳೆದುಹೋದ ಅವುಗಳದೇ ಎಂಜಿನ್ನನ್ನು ಹುಡುಕಿಕೊಡುವುದು. ಕಾರಿನ ದಾಖಲೆಯಲ್ಲಿರುವ ನಂಬರು ಎಂಜಿನ್ನಿನ ಮೇಲೂ ಇದ್ದರೆ ಅದು ಅಸಲಿ ಜೋಡಿ. ಅಂಥ ಕಾರಿಗಾಗಿ ಜನ ಮನೆ ಮಾರಲೂ ತಯಾರು. ಜೋಡಿ ಅಸಲಿಯೆಂದು ಅಂಕಲ್ ಒಂದು ಕಾಗದದಲ್ಲಿ ಬರೆದುಕೊಟ್ಟರೆ ಮುಗಿಯಿತು, ಯಾರೂ ಎರಡು ಮಾತಾಡುತ್ತಿರಲಿಲ್ಲ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಮಾಡ್ಸೋ ಮದುವೇಲಿ ಒಂದು ಸುಳ್ಳು ಬಿದ್ರೂ ನಡೆಯಲ್ಲ," ಎನ್ನುವರು. ಎಂಜಿನ್ ಸಿಕ್ಕಿದರೂ ಅವರಿಗೆ ಸಮಾಧಾನವಿಲ್ಲ. "ಯಾಕೆ ಬೇರೆ ಆಯ್ತು ಅಂತ ಗೊತ್ತಾಗ್ಬೇಕು. ಸುಮ್‌ಸುಮ್ನೆ ಯಾರೂ ಗುಂಡಿಗೆ ಕಿತ್ತಿಡಲ್ಲ." ಕೇಳುತ್ತಾ ಹೋದರೆ ಕೊನೆಗೆ ಹೆಚ್ಚಾಗಿ ಕಾರು ಗುದ್ದಿದ ಒಂದು ಮರವೋ, ಉರುಳಿದ ತಿರುವೋ, ಸತ್ತುಹೋದ ಹತ್ತೊಂಬತ್ತರ ಹುಡುಗನೊಬ್ಬನ ಫೋಟೋವೋ ಸಿಗುತ್ತಿತ್ತು. ಅವರ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಕೂತ ಎಂಜಿನ್ನುಗಳನ್ನು ಹಾದು ಬಟ್ಟೆ ಒಗೆಯಲು ಹೋಗುವಾಗ ನಾನು ಕಾಲು ಬೇಗ ಹಾಕುತ್ತಿದ್ದೆ. ಹೆದರಿಕೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಪ್ರತಿ ಮಾರ್ಚಿನಲ್ಲಿ ಅಡಿಲೇಡಿನಿಂದ ಜೋನ್ ಎಂಬ ಮುದುಕಿಯ ಫೋನು ಬರುತ್ತಿತ್ತು. ಆಕೆಯ ಮಗ ಪೀಟರ್ ಎಷ್ಟೋ ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಸರ್ವೋಗೆ ಹೋಗಿ ಪೆಟ್ರೋಲು ಹಾಕಿಸಿಕೊಂಡು ಬರುತ್ತೇನೆಂದು ತನ್ನ ಹಸಿರು ಕಾರಿನಲ್ಲಿ ಹೊರಟವನು ಮರಳಲಿಲ್ಲ. ಕಾರೂ ಸಿಗಲಿಲ್ಲ. ಅಂಕಲ್ ಅವರ ಕಸುಬಿನ ಸುದ್ದಿ ಯಾರಿಂದಲೋ ಕೇಳಿ, ಕಾರಿನ ಸರ್ವಿಸ್ ಪುಸ್ತಕದಲ್ಲಿದ್ದ ಎಂಜಿನ್ ನಂಬರನ್ನು ಆಕೆ ಕಳಿಸಿಕೊಟ್ಟಿದ್ದಳು. ಅದನ್ನು ಬರೆದ ಚೀಟಿ ಅಂಕಲ್ ಅವರ ಪರ್ಸಿನಲ್ಲಿ, ಆಂಟಿಯ ಫೋಟೋದ ಹಿಂದೆ ಇರುತ್ತಿತ್ತು. ಮಗನ ಹುಟ್ಟುಹಬ್ಬದ ದಿನವೇ ಆಕೆ ಫೋನು ಮಾಡುವುದು. ಪ್ರತಿ ಸಲವೂ ಅಂಕಲ್ ಅವರ ಉತ್ತರ ಒಂದೇ: ಇನ್ನೂ ಇಲ್ಲ ಜೋನ್, ಹುಡುಕುತ್ತಿದ್ದೇನೆ. ಆ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೋದ ವರ್ಷ ಜೂನಿನಲ್ಲಿ ನಾನು ಆಫೀಸಿನ ಕೆಲಸಕ್ಕೆಂದು ಬ್ರಿಸ್ಬೇನಿಗೆ ಹೋಗಿ ಅಲ್ಲಿನ ಇಂಡೂರೂಪಿಲ್ಲಿ ಬಡಾವಣೆಯಲ್ಲಿ ಉಳಿದಿದ್ದೆ. ಅಂಕಲ್ಲೂ ಬಂದರು. ಪರ್ತಿನವರೊಬ್ಬರ ಕಿತ್ತಳೆ ಬಣ್ಣದ ಕಾರಿನ ಎಂಜಿನ್ ಅಲ್ಲಿ ಸಿಕ್ಕಿದೆಯೆಂದು ಸುದ್ದಿ. ನಾನೇ ಕಾರಿನಲ್ಲಿ ಕರೆದೊಯ್ದೆ. ಊರಾಚೆ ತಗಡಿನ ಶೆಡ್ಡು, ಬಾಗಿಲಲ್ಲಿ ಸರಪಳಿ ಕಟ್ಟಿದ ನಾಯಿ. ಅದು ಬೊಗಳಲೇ ಇಲ್ಲ, ನಮ್ಮನ್ನೇ ನೋಡುತ್ತಾ ನಿಂತಿತ್ತು. ಎಂಜಿನ್ ಮಾರುವವನು ನಗುನಗುತ್ತಾ, ಅವಸರವಿಲ್ಲ ಎಂದ. ಅಂಕಲ್ ಕಣ್ಣು ಮುಚ್ಚಿ ಹೆಬ್ಬೆರಳಿಟ್ಟರು. ಎಂದಿಗಿಂತ ಹೆಚ್ಚು ಹೊತ್ತಾಯಿತು. ಜೇಬಿನಿಂದ ಕನ್ನಡಕ ತೆಗೆದವರು ನನ್ನ ಮುಖ ನೋಡಿ ಮತ್ತೆ ಒಳಗಿಟ್ಟರು. ಆಮೇಲೆ ನಂಬರನ್ನು ಗಟ್ಟಿಯಾಗಿ ಹೇಳಿ, "ಅಸಲಿನೇ," ಎಂದರು. ನನಗೆ ಏನೋ ಕಸಿವಿಸಿಯಾಯಿತು. ದೊಡ್ಡವರನ್ನು ಕೇಳುವುದು ಹೇಗೆಂದು ಸುಮ್ಮನಾದೆ. ಆ ಸುಮ್ಮನಿರುವಿಕೆಗೆ ನನ್ನನ್ನು ಇಂದಿಗೂ ಬೈದುಕೊಳ್ಳುತ್ತೇನೆ.

ಎಂಜಿನ್ ಪರ್ತಿಗೆ ಬಂತು. ಕಿತ್ತಳೆ ಕಾರಿನ ಬಣ್ಣದ ಕೆಲಸ ಮುಗಿಯುವವರೆಗೆಂದು ಅಂಕಲ್ ಅವರ ಗ್ಯಾರೇಜಿನಲ್ಲೇ ನಾಲ್ಕು ತಿಂಗಳು ಕೂತಿತು.

ಆಯುಧಪೂಜೆಯ ದಿನ ಗ್ಯಾರೇಜಿನಲ್ಲಿರುವ ಪ್ರತಿಯೊಂದು ಎಂಜಿನ್ನಿಗೂ ನಂಬರಿನ ಪಕ್ಕ ಅರಿಶಿನ ಕುಂಕುಮ ಇಡುವುದು ಅವರ ಮನೆಯ ಪದ್ಧತಿ. ಆಂಟಿ ದೀಪದ ಕಂಬಗಳನ್ನು ಉಜ್ಜಿ ಉಳಿಸಿದ ಹುಣಸೆಹಣ್ಣು ನನ್ನ ಕೈಯಲ್ಲಿತ್ತು. ಈ ಎಂಜಿನ್ನಿನ ನಂಬರಿನ ಸುತ್ತ ತುಕ್ಕು ಕಂಡಿತು. ಹಬ್ಬದ ದಿನ ಕೊಳಕಿನ ಮೇಲೆ ಕುಂಕುಮವೇ? ಹುಣಸೆಗೆ ಉಪ್ಪು ಬೆರೆಸಿ ಮೆತ್ತಿ, ತಿಂಡಿ ತಿಂದು ಬಂದು ಉಜ್ಜಿದೆ. ನಂಬರಿನ ಜಾಗಕ್ಕೆ ಬಟ್ಟೆ ಕೂಡ ತಾಕಿಸಬಾರದೆಂದು ಅಂಕಲ್ ನೂರು ಸಲ ಹೇಳಿದ್ದು ಉಜ್ಜಿದ ಮೇಲೆ ನೆನಪಾಯಿತು. ತುಕ್ಕು ಬಣ್ಣವಾಗಿ ಬಟ್ಟೆಗೆ ಹತ್ತಿತು. ಯಾರೋ ತುಕ್ಕಿನಂತೆಯೇ ಬಳಿದಿದ್ದ ಬಣ್ಣ. ಕೆಳಗೆ ಅರ ಹಾಕಿ ಉಜ್ಜಿದ ಗೀರುಗಳು. ಹೊಸದಾಗಿ ಒತ್ತಿದ ಅಂಕಿಗಳ ಹಿಂದೆ, ಮಾಸಿದ ಬೇರೆ ಅಂಕಿಗಳು.

ಬೈಗುಳಕ್ಕೆ ಸಿದ್ಧಳಾಗಿ ಅಂಕಲ್ಲನ್ನು ಕರೆದೆ. ಅವರು ಹೆಬ್ಬೆರಳಿಟ್ಟರು, ತೆಗೆದರು, ಮತ್ತೆ ಇಟ್ಟರು.

"ನನಗೇನೂ ತಿಳೀತಿಲ್ಲ. ಟಾರ್ಚ್ ತಗೊಂಡು ನೀನೇ ಓದು."

"ಹಿಂದಿನ ನಂಬರಾ ಅಂಕಲ್? ಐದು... ಒಂದು... ಮತ್ತೆ ಐದು ಇರ್ಬೇಕು..."

"ಎಂಟು, ಸೊನ್ನೆ, ಏಳು," ಎಂದರು ಅಂಕಲ್. ಅವರ ಕೈ ಆಗಲೇ ಎಂಜಿನ್ನಿನ ಮೇಲಿರಲಿಲ್ಲ, ಜೇಬಿನ ಪರ್ಸಿನ ಮೇಲಿತ್ತು. ನಾನು ಟಾರ್ಚು ಹಿಡಿದು ನೋಡಿದೆ. ಎಂಟು, ಸೊನ್ನೆ, ಏಳು.

ಅವರು ನೆಲದ ಮೇಲೆ ಕೂತುಬಿಟ್ಟರು. "ಎರಡು ವರ್ಷ ಆಯ್ತಮ್ಮ, ಈ ಬೆರಳು ಮರಗಟ್ಟಿ. ಶುಗರ್ ತಿಂದ್ಹಾಕ್ಬಿಡ್ತು. ಹೇಳ್ಕೊಳ್ಳೋಕೆ ನಾಚಿಕೆ. ಬ್ರಿಸ್ಬೇನಲ್ಲಿ ಕಿತ್ತಳೆ ಕಾರಿನ ದಾಖಲೇಲಿದ್ದ ನಂಬರನ್ನ ಬಾಯಿಪಾಠ ಒಪ್ಪಿಸ್ಬಿಟ್ಟೆ. ಜೋನ್ ಮಗನ ಕಾರಿನ ಎಂಜಿನ್ ಮೇಲೆ ಕೈಯಿಟ್ಕೊಂಡು ಅಸಲಿ ಅಂದ್ಬಿಟ್ಟೆ!"

ಪೊಲೀಸರು ಎಂಜಿನ್ನನ್ನು ಒಯ್ದರು, ಕುಂಕುಮದ ಸಮೇತ. ಬ್ರಿಸ್ಬೇನಿನ ಶೆಡ್ಡಿಗೆ ಅವರು ಹೋದಾಗ ಅಲ್ಲಿ ನಾಯಿಯ ಸರಪಳಿ ಮಾತ್ರ ಇತ್ತಂತೆ.

ಅಂಕಲ್ ಅಡಿಲೇಡಿಗೆ ಹೊರಟರು. "ಇದು ಫೋನಲ್ಲಿ ಹೇಳೋ ಮಾತಲ್ಲ," ಎಂದರು. ಮರಳಿ ಬಂದ ಮೂರನೆಯ ದಿನ ಸಾರನ್ನ ಕಲಸುತ್ತಾ ಹೇಳಿದರು: "ಅಳ್ಲಿಲ್ಲ ಆಕೆ. ಒಂದೇ ಒಂದು ಕೇಳಿದ್ಲು, ಎಷ್ಟು ದಿನದಿಂದ ನಿಮ್ಮನೇಲಿತ್ತು ಅಂತ. ನಾಲ್ಕು ತಿಂಗಳು ಅಂದೆ. ಬಾಗಿಲು ಹಾಕ್ಕೊಂಡ್ಲು."

ಆಮೇಲೆ ಅವರು ಯಾರಿಗೂ ಕಾಗದ ಬರೆದುಕೊಡಲಿಲ್ಲ. ಕಿತ್ತಳೆ ಕಾರಿನವರಿಗೆ ಬರೆದದ್ದನ್ನು ಹಿಂದಕ್ಕೆ ಪಡೆದು, ಹಿಂದೆ ಕೊಟ್ಟ ಕಾಗದಗಳನ್ನೂ ನಂಬಬೇಡಿರೆಂದು ಒಬ್ಬೊಬ್ಬರಿಗೂ ತಾವೇ ತಿಳಿಸಿದರು. ಮಧ್ಯಾಹ್ನದ ಹೊತ್ತು ಎದುರಿನ ರಸ್ತೆಯಲ್ಲಿ ಹಿಂಬದಿ ತೆರೆದ ಬಿಳಿ ಯೂಟ್ ಗಾಡಿಯೊಂದು ಎಂಜಿನ್ ಆರಿಸದೆ ನಿಂತು ಹೋಗುವುದನ್ನು ನಾನು ಎರಡು ಸಲ ನೋಡಿದೆ. ಅಂಕಲ್ ಪರದೆ ಸರಿಸಿ ನೋಡಿ, ಬಾಗಿಲ ಚಿಲಕ ಹಾಕುವರು.

ಫೆಬ್ರವರಿಯಲ್ಲಿ ಒಂದು ಸಂಜೆ ಪರ್ಸಿನ ಚೀಟಿ ತೆಗೆದು ನನ್ನ ಕೈಗಿಟ್ಟರು. "ನಿನ್ನ ಹತ್ರ ಇರ್ಲಿ. ಇನ್ನೂ ಕಾರು ಸಿಕ್ಕಿಲ್ಲ." ಮರುದಿನ ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕುರ್ಚಿಯಲ್ಲೇ ಹೋಗಿಬಿಟ್ಟರು. ಆಂಟಿ ಆ ಲೋಟವನ್ನು ವಾರವಿಡೀ ತೊಳೆಯಲಿಲ್ಲ.

ಮಾರ್ಚಿನಲ್ಲಿ ಅಂಕಲ್ ಅವರ ಫೋನು ರಿಂಗಾಯಿತು. ಹೆಸರು ನೋಡಿ ಆಂಟಿ ನನ್ನತ್ತ ಚಾಚಿದರು. ಈ ವರ್ಷ ಆಕೆ ಫೋನು ಮಾಡುವಳೆಂದು ನಾವಿಬ್ಬರೂ ಎಣಿಸಿರಲಿಲ್ಲ. ನಾನು ಹಲೋ ಎನ್ನುವ ಮೊದಲೇ ಆ ಕಡೆಯಿಂದ ಮುದಿ ದನಿ ಕೇಳಿತು. "ಶ್ರೀ, ಉಳಿದದ್ದು ಸಿಕ್ಕಿತೇ?"

ಅವರಿಲ್ಲ ಎಂದು ಹೇಳಬೇಕಿತ್ತು.

"ಇನ್ನೂ ಇಲ್ಲ ಜೋನ್," ಎಂದೆ. "ಹುಡುಕುತ್ತಿದ್ದೇನೆ."