ಮಾದೇವಮ್ಮನ ಮಾತು ಬತ್ತೇರಿಗೆ ಹೋದದ್ದು

ನಮ್ಮ ಪಕ್ಕದ ಮನೆ ಮಾದೇವಮ್ಮ ಬೈದ ಬೈಗುಳ ಈಚೆಗೆ ರಾಜ್ಯದ ಗಡಿ ದಾಟಿ ಹೋಯಿತು, ಮಕ್ಕಳೇ. ಅಜ್ಜಿ ಸೇರಿಸಿ ಹೇಳುತ್ತಿಲ್ಲ.

ಕೇರಳದ ದಾರಿಯಲ್ಲಿರುವ ನಮ್ಮೂರು ಭೀಮನಬೀಡಿನಲ್ಲಿ ಅವಳ ಹೊಲ ರಸ್ತೆಗೇ ಅಂಟಿಕೊಂಡಿದೆ. ಚೆಂಡುಹೂವು ಅರಳಿತೆಂದರೆ ಕಾರುಗಳು ಸಾಲಾಗಿ ನಿಲ್ಲುತ್ತವೆ. ಫೋಟೊ, ರೀಲ್ಸು, ಗಿಡಗಳ ನಡುವೆ ಮಗುವನ್ನು ಕೂರಿಸುವುದು. ಅವರು ಹೋದ ಮೇಲೆ ಮುರಿದ ಗಿಡ ಎತ್ತಿ ಕಟ್ಟುವವರು ಯಾರು?

ಇದನ್ನೇ ಕೇಳಲು ಮೈಸೂರಿನಿಂದ ರೇಖಾ ಎಂಬ ಹುಡುಗಿ ಬಂದಳು. ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ ಸುದ್ದಿ ಕೊಡುವ ದೊಡ್ಡ ಸಂಸ್ಥೆಯೊಂದರ ವರದಿಗಾರ್ತಿ. ಹೆಗಲಿಗೆ ಒಂದು ಬ್ಯಾಗು, ಕೈಯಲ್ಲಿ ಒಂದು ಮೈಕು, ಅಷ್ಟೇ. (ದೊಡ್ಡ ವ್ಯಾನು ಬರುತ್ತದೆಂದು ನಾನು ಸೀರೆ ಬದಲಿಸಿ ಕೂತಿದ್ದೆ.) ಮೈಕು ಕಂಡರೆ ನಾನು ಹಿಂದಕ್ಕೆ ಸರಿಯುತ್ತೇನೆ. ಮಾದೇವಮ್ಮನಿಗೆ ಆ ಕಾಯಿಲೆ ಇಲ್ಲ.

“ಕೇರಳದೋರೇ ಜಾಸ್ತಿ ಕಣವ್ವ. ಕಾರು ನಿಲ್ಸದು, ಹೂವಿನ ಮ್ಯಾಲೇ ಕುಂತ್ಕಳದು. ಅವ್ರೂರಲ್ಲಿ ಹೊಲಾನೇ ಇಲ್ವಾ? ಕಣ್ಣು ಕಾಣಕಿಲ್ವಾ?”

ಹೂವು ಎಲ್ಲಿಗೆ ಹೋಗುತ್ತದೆ ಎಂದು ರೇಖಾ ಕೇಳಿದಳು. ಓಣಂ ಹಬ್ಬಕ್ಕೆ ಕೇರಳದ ಬತ್ತೇರಿಗೆ ಹೋಗುತ್ತದೆ, ಅಲ್ಲಿನ ಹೂವಿನ ವ್ಯಾಪಾರಿ ಬಷೀರ್ ಬಂದು ಒಯ್ಯುತ್ತಾನೆ ಎಂದು ಮಾದೇವಮ್ಮ ಹೆಮ್ಮೆಯಿಂದ ಹೇಳಿ, ಅವನ ನಂಬರನ್ನೂ ಕೊಟ್ಟಳು.

ಆಮೇಲೆ ಕಾಫಿ ಕುಡಿಯುತ್ತಾ ನಾನೇ ಕೇಳಿದೆ: ಇದನ್ನು ಕನ್ನಡದವರು ಮಾತ್ರ ಕೇಳುತ್ತಾರೆಯೇ?

“ಇಲ್ಲ ಅಜ್ಜಿ. ಒಂದೊಂದು ಭಾಷೆಗೂ ಒಂದೊಂದು ಡೆಸ್ಕ್, ಅಂದ್ರೆ ಸುದ್ದಿ ಬರೆದು ತಿದ್ದೋರ ತಂಡ, ಇದೆ. ನಾನು ಕನ್ನಡ ಡೆಸ್ಕ್‌ಗೆ ಕಳಿಸ್ತೀನಿ. ಅವರು ಸಾರಾಂಶಾನ ಇಂಗ್ಲಿಷಲ್ಲಿ ಬರೆದು ಎಲ್ಲರಿಗೂ ಸಿಗೋ ಕಡೆ ಇಡ್ತಾರೆ. ಬೇಕಾದವರು ತಗೊಂಡು ತಮ್ಮ ಜನಕ್ಕೆ ಒಪ್ಪೋ ಹಾಗೆ ಬರ್ಕೋತಾರೆ.”

ನಮ್ಮೂರ ಬಾವಿಕಟ್ಟೆಯ ಹಾಗೇ ಆಯಿತಲ್ಲ! ಒಬ್ಬಳು ಸೇದಿ ಇಟ್ಟರೆ ಎಲ್ಲರೂ ತುಂಬಿಕೊಳ್ಳುವುದು. (ಒಂದು ವ್ಯತ್ಯಾಸವಿದೆ. ಅಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದದೆ ಹೊರಗೆ ಬಿಡುವುದಿಲ್ಲವಂತೆ.)

“ಮಲಯಾಳಂ ಡೆಸ್ಕೂ ಅದೆಯಾ?” ಎಂದಳು ಮಾದೇವಮ್ಮ.

“ಇದೆ. ಅವರೇ ಮೊದಲು ತಗೋಬಹುದು.”

ಮಾದೇವಮ್ಮ ಲೋಟ ಕೆಳಗಿಟ್ಟಳು. ರೇಖಾಳ ಬಸ್ಸು ಹೋದದ್ದೇ ತಡ, ನನ್ನ ಕೈ ಹಿಡಿದುಕೊಂಡಳು.

“ಕೆಟ್ಟೆ ಕಣಕ್ಕ! ಬಷೀರ ಕೇಳಿದ್ರೆ ಇನ್ನು ಈ ಕಡಿಕೆ ತಲೆ ಹಾಕಕಿಲ್ಲ. ಓಣಂ ಹೂವ ಯಾರಿಗೆ ಕೊಡದು? ದನಕ್ಕೆ ಹಾಕದಾ?”

ಹೆದರಿಕೆ ಸುಳ್ಳಲ್ಲ. ಹಬ್ಬ ಕಳೆದರೆ ಆ ಹೂವನ್ನು ಕೇಳುವವರಿಲ್ಲ.

ಮರುದಿನ ಕನ್ನಡ ಡೆಸ್ಕಿನಿಂದಲೇ ಫೋನು ಬಂತು. ಮಾದೇವಮ್ಮ ಹಾವು ಕಂಡವಳಂತೆ ಮೊಬೈಲನ್ನು ನನ್ನ ಮಡಿಲಿಗೆ ಹಾಕಿದಳು. “ನೀನೇ ಮಾತಾಡಕ್ಕ, ಪೇಪರ್‌ಗೆ ಬರಿಯೋಳು ನೀನಲ್ವಾ?”

ಬರೆಯುವುದು ಬೇರೆ, ಮಾತಾಡುವುದು ಬೇರೆ ಎಂದು ಯಾರಿಗೆ ಹೇಳಲಿ? ಕೇರಳದವರನ್ನು ಬೈದ ಮಾತೊಂದನ್ನು ತೆಗೆದುಬಿಡಿ ತಾಯಿ ಎಂದೆ.

ಆ ಕಡೆಯ ಹೆಣ್ಣುಮಗಳು ಮೆತ್ತಗೆ ಕೇಳಿದಳು. “ಗಿಡ ತುಳಿಯೋದು ಸುಳ್ಳಾ ಅಮ್ಮ?”

“ಸುಳ್ಳಲ್ಲ.”

“ಹಾಗಾದ್ರೆ ತೆಗೆಯೋಕಾಗಲ್ಲ. ಆದ್ರೆ ದೂರು ಯಾರ ಮೇಲೋ ಅವರ ಕಡೆಯವರನ್ನೂ ಕೇಳದೆ ನಾವು ಹಾಕಲ್ಲ. ನಮ್ಮ ಮಲಯಾಳಂ ಡೆಸ್ಕ್‌ನವರು ಈಗ ಬಷೀರ್ ಅವರ ಹತ್ರಾನೇ ಮಾತಾಡ್ತಿದಾರೆ.”

ನಾನು ಇದನ್ನು ಹೇಳಿದಾಗ ಮಾದೇವಮ್ಮ ಹೊಸಿಲ ಮೇಲೆ ಕೂತುಬಿಟ್ಟಳು. “ಬೈದಿದ್ದ ಮುಚ್ಚಿ ಅಂದ್ರೆ, ಅವ್ನ ಕಿವೀಲೇ ಊದುಬುಟ್ರಾ! ಮಾದಪ್ಪಾ!”

ಮೂರನೆಯ ದಿನ ಬಷೀರನ ಗಾಡಿ ಬಂತು. ಮಾದೇವಮ್ಮ ಒಳಗೆ ಅವಿತಳು. ಅವನು ಬಾಗಿಲಲ್ಲೇ ನಿಂತು, ಅವರ ಭಾಷೆಯಲ್ಲಿ ಅಕ್ಕಾ ಎಂದು ಕರೆದು ಕೂಗಿದ.

“ಚೇಚೀ, ಹೊರಗೆ ಬನ್ನಿ! ರಾತ್ರಿ ಕಾಡಿನ ರಸ್ತೆಗೆ ಗೇಟ್ ಹಾಕೋದ್ರೊಳಗೆ ನಾನು ದಾಟ್ಬೇಕು. ಫೋನಲ್ಲಿ ನೀವು ಬೈದಿದ್ದು ಪೂರಾ ಓದಿ ಹೇಳಿದ್ರು. ಬೈದಿದ್ದು ಕಮ್ಮಿ ಆಯ್ತು ಅಂದೆ. ಗಿಡ ಮುರಿದ್ರೆ ನಂಗೂ ಹೂವಿಲ್ಲ ಅಲ್ವಾ?”

ಗಾಡಿಯಿಂದ ಒಂದು ಬೋರ್ಡು ಇಳಿಸಿದ. ಹೊಲಕ್ಕೆ ಇಳಿಯಬೇಡಿ ಎಂದು ಮಲಯಾಳದಲ್ಲಿ ದೊಡ್ಡದಾಗಿ ಬರೆಸಿದ್ದ. “ನೀವು ಕನ್ನಡದಲ್ಲಿ ಬೈದ್ರೆ ಅವರಿಗೆ ಹೆಂಗೆ ತಿಳೀತದೆ?”

ಮಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೊರಬಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ನೋಡಲು ಹೋಗಲಿಲ್ಲ.

ಬೋರ್ಡು ನೆಡುವಾಗ ಬಷೀರ್ ಮತ್ತೆ ಹೇಳಿದ: “ಇಷ್ಟು ವರ್ಷದಿಂದ ಬರ್ತಿದೀನಿ ಚೇಚಿ. ನನ್ನ ಹತ್ರ ಒಂದ್ಸಲ ಹೇಳ್ಬಾರ್ದಿತ್ತಾ?”

ಸುದ್ದಿ ಬಂತು. ಮಾದೇವಮ್ಮನ ಮಾತೂ ಇತ್ತು, ಬಷೀರನ ಮಾತೂ ಇತ್ತು. ಎಲ್ಲೋ ಕೂತ ಜನ, ಒಬ್ಬರ ದೂರು ಹಾಕುವ ಮುಂಚೆ ಇನ್ನೊಬ್ಬರಿಗೆ ಫೋನು ಮಾಡಿದ್ದರು.

ನಮ್ಮ ಬೀದಿಯ ಜಗಲಿಗಳಲ್ಲೂ ದಿನವಿಡೀ ಸುದ್ದಿಯೇ. ಯಾರ ಸುದ್ದಿ ಆಡುತ್ತೇವೋ ಅವರನ್ನು ಒಂದು ಮಾತು ಕೇಳಿಬರಲು ನಮಗೆ ಫೋನೂ ಬೇಡ, ನಾಲ್ಕು ಮನೆ ದಾಟಿದರೆ ಸಾಕು. ಯಾರಾದರೂ ದಾಟಿದ್ದೇವೆಯೇ?